ಬೀರುವಿನ ತಳದ ಬಟ್ಟೆಗೆ ಮತ್ತೊಂದು ಬಾಳು

ಮಾಗಡಿ ಕಡೆಯ ರೈತರು ರಾಮನಗರದ ಮಾರುಕಟ್ಟೆಗೆ ಒಯ್ಯುವ ರೇಷ್ಮೆ ಗೂಡಿನಲ್ಲಿ ಎಸೆಯುವಂಥದ್ದು ಏನೂ ಇಲ್ಲ. ರೀಲರು ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುತ್ತಾರೆ. ತಳಿ ನೋಡಿಕೊಂಡು ಒಂದು ಗೂಡಿಗೆ 600ರಿಂದ 1,000 ಮೀಟರ್‌ವರೆಗೂ ಎಳೆ ಬರುತ್ತದೆ. ಮೊದಲಿಗೆ ಕೈಗೆ ಬರುವ ಸಿಕ್ಕು ಎಳೆ, ಚಿಟ್ಟೆ ಹೊರಬಿದ್ದು ತೂತಾದ ಗೂಡು, ಕೊನೆಗೆ ಹುಳುವಿನ ಸುತ್ತ ಉಳಿಯುವ ತೆಳು ಪೊರೆ, ಎಲ್ಲಕ್ಕೂ ಬೇರೆ ಬೇರೆ ಗಿರಾಕಿಗಳಿದ್ದಾರೆ. ಹುಳು ಎಣ್ಣೆಗೂ ಕೋಳಿ, ಮೀನಿನ ಆಹಾರಕ್ಕೂ ಹೋಗುತ್ತದೆ. ಈ ಸಿಕ್ಕು ರೇಷ್ಮೆಯನ್ನೇ ನಂಬಿ 1930ರ ದಶಕದಲ್ಲಿ ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಮಿಲ್ ಎದ್ದಿತು. ಬಿಚ್ಚಲು ಬಾರದ ರೇಷ್ಮೆಯ ಗೋಂದು ತೆಗೆದು, ಬಾಚಿ, ಹತ್ತಿಯಂತೆ ನೂತು ನೂಲು ಮಾಡುವುದೇ ಅಲ್ಲಿನ ಕೆಲಸವಾಗಿತ್ತು. ‘ಮರುಬಳಕೆ’ ಎಂಬುದು ಭಾಷಣದ ಮಾತಾಗುವ ಎಷ್ಟೋ ಮೊದಲೇ ಈ ಸೀಮೆಯ ಜನ ಅದನ್ನು ಕಸುಬಾಗಿ ಮಾಡಿ ಹೊಟ್ಟೆ ಹೊರೆದಿದ್ದಾರೆ.

ಇಂಥ ಸೀಮೆಯ ಮನೆಗಳಲ್ಲೇ ಈಗ ಬೀರುವಿನ ಬಾಗಿಲು ಹಾಕಲು ಬಾರದಷ್ಟು ಬಟ್ಟೆ. ಉಗಾದಿಗೆ ಒಂದು ಜೊತೆ, ಗೌರಿ ಹಬ್ಬಕ್ಕೆ ಒಂದು, ತಿರುಮಲೆ ರಂಗನಾಥಸ್ವಾಮಿ ಜಾತ್ರೆಗೆ ಒಂದು ಎಂಬ ಲೆಕ್ಕ ಹೋಗಿ, ಫೋನಿನಲ್ಲಿ ಬೆರಳು ಒತ್ತಿದಾಗಲೆಲ್ಲ ಒಂದು ಪೊಟ್ಟಣ ಮನೆಬಾಗಿಲಿಗೆ ಬರುವ ಕಾಲ ಬಂದಿದೆ. ನಾಲ್ಕು ಒಗೆತಕ್ಕೆ ಗುಂಜು ಕಟ್ಟುವ ಟೀ ಶರ್ಟು, ಎರಡು ಮದುವೆಗೆ ಉಟ್ಟು ಮೂಲೆ ಸೇರಿದ ಸೀರೆ, ಸೊಂಟಕ್ಕೆ ಹತ್ತದ ಪ್ಯಾಂಟು. ಒಂದು ಹತ್ತಿ ಟೀ ಶರ್ಟಿನ ಹಿಂದೆ, ಹೊಲದಿಂದ ಅಂಗಡಿಯವರೆಗೆ, ಸುಮಾರು 2,700 ಲೀಟರ್ ನೀರು ಖರ್ಚಾಗುತ್ತದೆ ಎಂಬ ಅಂದಾಜಿದೆ. ನೀರಿನ ಮಾತು ಮಾಗಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಇದೇ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ ಜಲಾಶಯ 1933ರಿಂದ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ಅರ್ಕಾವತಿಗೆ ಊರು, ಕಾರ್ಖಾನೆಗಳ ಕೊಳಚೆ ಸೇರಿ ಆ ನೀರು ಕುಡಿಯಲು ಬಾರದಂತಾದುದನ್ನು ಕಣ್ಣಾರೆ ಕಂಡವರು ನಾವು. ಬಟ್ಟೆಗೆ ಬಣ್ಣ ಹಾಕುವ ಕೆಲಸವೂ ನೀರನ್ನು ಕುಡಿದು, ಕೆಡಿಸಿಯೇ ಹೊರಬಿಡುವಂಥದ್ದು. ಹೊಸ ಬಟ್ಟೆ ಒಂದು ಕಡಿಮೆ ಕೊಂಡರೆ ಎಲ್ಲೋ ಒಂದು ಹೊಳೆಗೆ ಅಷ್ಟು ಉಪಕಾರ.

ಹಳೆ ಬಟ್ಟೆಯಿಂದ ಹೊಸ ವಸ್ತು ಮಾಡುವುದು ಒಳ್ಳೆಯದೇ. ಅದಕ್ಕಿಂತ ಒಳ್ಳೆಯದು ಹಾಕುತ್ತಿರುವ ಬಟ್ಟೆಯನ್ನೇ ಇನ್ನೆರಡು ವರ್ಷ ಹಾಕುವುದು. ಪ್ಯಾಂಟು ಕತ್ತರಿಸಿ ಚೀಲ ಮಾಡುವ ವಿಡಿಯೊಗಳು ಸಾವಿರ ಸಿಗುತ್ತವೆ. ಚೈನು ಬದಲಿಸಿ ಅದೇ ಪ್ಯಾಂಟು ಹಾಕಿ ಎನ್ನುವವರು ಕಡಿಮೆ. ಆದ್ದರಿಂದ ಈ ಕ್ರಮ ಇಟ್ಟುಕೊಳ್ಳಿ: ಮೊದಲು ರಿಪೇರಿ, ಆಮೇಲೆ ಆಲ್ಟರ್, ಆಮೇಲೆ ಇನ್ನೊಬ್ಬರ ಮೈಗೆ, ಅದೂ ಆಗದಿದ್ದರೆ ಕತ್ತರಿ. ಮರುಸಂಸ್ಕರಣೆಗೆ ಕಳಿಸುವುದು ಎಲ್ಲಕ್ಕೂ ಕೊನೆ.

ಗಂಟು ಬಿಚ್ಚಿ, ವಿಂಗಡಿಸಿ

ಹಾಕದೆ ಬಿಟ್ಟ ಬಟ್ಟೆಗಳನ್ನೆಲ್ಲ ಚಾಪೆ ಮೇಲೆ ಸುರಿಯಿರಿ. ಮೊದಲು ನೋಡಬೇಕಾದ್ದು ಬಟ್ಟೆ ಯಾವುದರದು ಎಂಬುದನ್ನು. ಹತ್ತಿಗೆ ಒಂದು ದಾರಿ, ರೇಷ್ಮೆಗೆ ಒಂದು, ಪಾಲಿಯೆಸ್ಟರಿಗೆ ಇನ್ನೊಂದು. ಚೀಟಿ ಇಲ್ಲದಿದ್ದರೆ ಅಂಚಿನ ಒಳಗಿಂದ ಎರಡು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಬೆಂಕಿ ತಾಗಿಸಿ. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ರೇಷ್ಮೆ ಮತ್ತು ಉಣ್ಣೆಗೆ ಕೂದಲು ಸುಟ್ಟ ವಾಸನೆ. ಬೂದಿ ಕಪ್ಪಾಗಿ, ಹಿಸುಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ ಕರಗಿ ಗಟ್ಟಿ ಮಣಿಯಾಗುತ್ತದೆ. ಉರಿದು ಬೂದಿಯೂ ಆಗಿ, ಮಣಿಯೂ ಕಟ್ಟಿದರೆ ಅದು ಮಿಶ್ರಣ. ಈಗಿನ ಅಂಗಡಿ ಬಟ್ಟೆಗಳಲ್ಲಿ ಹೆಚ್ಚಿನವು ಹೀಗೆಯೇ. ಮಿಶ್ರ ಬಟ್ಟೆಯಿಂದ ಹತ್ತಿಯನ್ನೂ ಪಾಲಿಯೆಸ್ಟರನ್ನೂ ಬೇರೆ ಮಾಡುವುದು ಕಷ್ಟದ, ದುಬಾರಿ ಕೆಲಸ. ಮುಂದೆ ಕೊಳ್ಳುವಾಗ ಒಂದೇ ನಾರಿನ ಬಟ್ಟೆ ಆರಿಸಿದರೆ ಅದರ ಮುಪ್ಪಿನ ಚಿಂತೆ ಅರ್ಧ ಕಳೆದಂತೆ.

ಇನ್ನೊಂದು ಪರೀಕ್ಷೆ ಕಸುವಿನದು. ಬಟ್ಟೆಯನ್ನು ಎರಡೂ ಕೈಯಲ್ಲಿ ಗೇಣಗಲ ಹಿಡಿದು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಎಳೆಯಿರಿ. ಚರ್ ಎಂದು ಸದ್ದು ಬಂದರೆ, ಬೆಳಕಿಗೆ ಹಿಡಿದಾಗ ಎಳೆಗಳು ಸರಿದು ಕಂಡರೆ ಆ ಜಾಗ ಸೋತಿದೆ. ಸಾಮಾನ್ಯವಾಗಿ ಸೋಲುವುದು ಕಂಕುಳು, ಕಾಲರ್ ಮಡಿಕೆ, ತೊಡೆಯ ಸಂದು, ಸೀರೆಯಾದರೆ ಮಡಿಕೆಯ ಗೆರೆ ಮತ್ತು ಕಾಲಿಗೆ ತಾಗುವ ಅಂಚು. ಉಳಿದದ್ದು ಗಟ್ಟಿಯಾಗಿಯೇ ಇರುತ್ತದೆ. ಮೂರು ಬೆರಳಗಲದ ಸೋಲಿಗೆ ಇಡೀ ಅಂಗಿ ಬಿಸಾಡುತ್ತಿರುವವರು ನಾವು.

ಟೈಲರ್ ಅಂಗಡಿಯ ಮೆಟ್ಟಿಲು

ಹೊಲಿಗೆ ಬಿಟ್ಟಿದ್ದು, ಗುಂಡಿ ಉದುರಿದ್ದು, ಹುಕ್ಕು ಕಿತ್ತಿದ್ದು ಮನೆಯಲ್ಲೇ ಆಗುವ ಕೆಲಸ. ಚೈನು, ಕಾಲರ್, ಸೊಂಟದ ಪಟ್ಟಿಗೆ ಟೈಲರ್ ಬೇಕು. ಶರ್ಟಿನ ಕಾಲರ್ ಸವೆದಿದ್ದರೆ ಅದನ್ನು ಬಿಚ್ಚಿ ತಿರುಗಿಸಿ ಹೊಲಿಸಬಹುದು. ಒಳಗಿದ್ದ ಹೊಸ ಮೈ ಮೇಲೆ ಬರುತ್ತದೆ. ಹಿಂದೆ ಮೇಷ್ಟರುಗಳು, ಗುಮಾಸ್ತರು ಹೀಗೆಯೇ ಒಂದು ಶರ್ಟಿಗೆ ಎರಡು ಆಯುಷ್ಯ ಪಡೆಯುತ್ತಿದ್ದರು. ಒಳ್ಳೆಯ ಪ್ಯಾಂಟಿಗೋ ರೇಷ್ಮೆಗೋ ಕಿಡಿ ಬಿದ್ದು ತೂತಾಗಿದ್ದರೆ ರಫೂ ಮಾಡುವವರನ್ನು ಹುಡುಕಿ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಕಿತ್ತು, ತೂತಿನ ಮೇಲೆ ನೇಯ್ದಂತೆ ಕೂರಿಸುವ ಈ ಕೈಗಳು ದಿನೇದಿನೇ ಕಡಿಮೆಯಾಗುತ್ತಿವೆ. ಕೆಲಸ ಸಿಕ್ಕರೆ ಉಳಿಯುತ್ತವೆ, ಇಲ್ಲವಾದರೆ ಇಲ್ಲ.

ಹೊಸದಾಗಿ ಹೊಲಿಸುವಾಗಲೇ ಮುಂದಿನ ದಿನಕ್ಕೆ ಜಾಗ ಬಿಡಿಸಿಕೊಳ್ಳಿ. ಬ್ಲೌಸಿನ ಪಕ್ಕಗಳಲ್ಲಿ ಒಂದೊಂದು ಇಂಚು ಒಳಬಟ್ಟೆ ಬಿಟ್ಟು, ಸಾಲಾಗಿ ಎರಡು ಮೂರು ಹೊಲಿಗೆ ಹಾಕಿಸಿದರೆ ಮೈ ಬಂದಂತೆ ಒಂದೊಂದೇ ಹೊಲಿಗೆ ಬಿಚ್ಚಬಹುದು. ಮಕ್ಕಳ ಲಂಗ, ಪ್ಯಾಂಟಿನ ತುದಿಗೆ ಎರಡು ಇಂಚು ಮಡಿಕೆ ಇರಲಿ. “ಬೆಳೆಯೋ ಮಗು, ಒಳಗೆ ಸ್ವಲ್ಪ ಬಿಡಣ್ಣ” ಎಂಬ ಮಾತು ನಮ್ಮ ಅಮ್ಮಂದಿರ ಬಾಯಲ್ಲಿ ಸದಾ ಇರುತ್ತಿತ್ತು. ರೆಡಿಮೇಡ್ ಬಟ್ಟೆಯಲ್ಲಿ ಆ ಜಾಗ ಇರುವುದಿಲ್ಲ. ಕೊಳ್ಳುವ ಮುನ್ನ ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುವುದು ಬೆಲೆ ಚೀಟಿ ನೋಡುವಷ್ಟೇ ಮುಖ್ಯ.

ಮಾಗಡಿ, ತಾವರೆಕೆರೆ, ರಾಮನಗರ, ಕನಕಪುರ ಸುತ್ತಿನ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಗಾರ್ಮೆಂಟ್ಸಿಗೆ ಹೋಗಿ ಬಂದವರು. ಮಿಷನ್ ಅವರ ಕೈಗೆ ಪಳಗಿದೆ. ಆದರೆ ಕಾರ್ಖಾನೆಯಲ್ಲಿ ಒಬ್ಬರಿಗೆ ಕಾಲರ್, ಇನ್ನೊಬ್ಬರಿಗೆ ತೋಳು, ಮತ್ತೊಬ್ಬರಿಗೆ ಗುಂಡಿ ಕಾಜ ಎಂದು ಕೆಲಸ ಹಂಚಿರುತ್ತದೆ. ಅಳತೆ ತೆಗೆದು, ಹಳೆ ಬಟ್ಟೆ ಬಿಚ್ಚಿ, ಇನ್ನೊಂದು ಮೈಗೆ ಕೂರಿಸುವುದು ಬೇರೆಯೇ ವಿದ್ಯೆ. ಅದನ್ನು ಕಲಿತರೆ ಊರಲ್ಲೇ ಬದುಕು ಕಟ್ಟಿಕೊಳ್ಳಬಹುದು. ನೆಲಮಂಗಲದ ಅರಿಶಿನಕುಂಟೆಯಲ್ಲಿರುವ ರುಡ್‌ಸೆಟ್ ಸಂಸ್ಥೆ ಇಂಥ ಸ್ವಉದ್ಯೋಗ ತರಬೇತಿಗಳನ್ನು ಊಟ, ವಸತಿ ಸಹಿತ ಉಚಿತವಾಗಿ ನಡೆಸುತ್ತದೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ. ತರಬೇತಿ, 15,000 ರೂಪಾಯಿವರೆಗಿನ ಉಪಕರಣ ನೆರವು, ಶೇ 5ರ ಬಡ್ಡಿಗೆ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ ಅದರಲ್ಲಿದೆ. ಫ್ರಾನ್ಸ್‌ನಲ್ಲಿ 2023ರಿಂದ ಬಟ್ಟೆ, ಚಪ್ಪಲಿ ರಿಪೇರಿ ಮಾಡಿಸಿದವರಿಗೆ 6ರಿಂದ 25 ಯೂರೋವರೆಗೆ ರಿಯಾಯಿತಿ ಕೊಡುತ್ತಿದ್ದಾರೆ. ಅಲ್ಲಿ ಹಣ ಕೊಟ್ಟು ಮರಳಿ ತರುತ್ತಿರುವ ಪದ್ಧತಿ ನಮ್ಮ ಬೀದಿಯ ಮೂಲೆಯಲ್ಲಿ ಇನ್ನೂ ಉಸಿರಾಡುತ್ತಿದೆ. ಅದನ್ನು ಕಳೆದುಕೊಳ್ಳಬಾರದು.

ರೇಷ್ಮೆ ಸೀರೆಗೆ ಕತ್ತರಿ ಹಾಕುವ ಮೊದಲು

ರೇಷ್ಮೆ ಸೀರೆ ಹರಿಯುವುದು ಉಟ್ಟಿದ್ದಕ್ಕಿಂತ ಇಟ್ಟಿದ್ದಕ್ಕೆ ಹೆಚ್ಚು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಬಿಗಿದಿಟ್ಟರೆ ಮಡಿಕೆಯ ಗೆರೆಯುದ್ದಕ್ಕೂ ಎಳೆ ತುಂಡಾಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಹೊರತೆಗೆದು ನೆರಳಲ್ಲಿ ಗಾಳಿಗೆ ಹರವಿ, ಮಡಿಕೆ ಬದಲಿಸಿ, ಹಳೆ ಪಂಚೆಯಲ್ಲಿ ಸುತ್ತಿಡಿ. ನುಸಿ ಗುಳಿಗೆ ಜರಿಗೆ ತಾಗದಿರಲಿ.

ಮನೆಬಾಗಿಲಿಗೆ ಬಂದು ಹಳೆ ರೇಷ್ಮೆ ಸೀರೆ ಕೇಳುವವರಿಗೆ ಬೇಕಿರುವುದು ಜರಿಯ ಬೆಳ್ಳಿ. ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಅಸಲಿ ಜರಿಯೆಂದರೆ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ಮೈಸೂರು ಸಿಲ್ಕ್ ಮಾರುವ ಕೆಎಸ್‌ಐಸಿ ತನ್ನ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇದೆ ಎನ್ನುತ್ತದೆ. ಒಂದು ಎಳೆ ಕಿತ್ತು ಉಗುರಲ್ಲಿ ಕೆರೆದು ನೋಡಿ: ಸಿಪ್ಪೆಯಂತೆ ಸುಲಿದು ಬಂದರೆ ಅದು ಪ್ಲಾಸ್ಟಿಕ್, ಅಸಲಿಯಲ್ಲ. ಅಸಲಿ ಎಂದು ಗೊತ್ತಾದ ಮೇಲೆ ಒಂದು ಸ್ಟೀಲ್ ಪಾತ್ರೆಗೆ ಅದನ್ನು ಕೊಡಬೇಡಿ. ಕೊಡಲೇಬೇಕೆಂದಿದ್ದರೆ ತೂಕ ಹಾಕಿಸಿ, ಎರಡು ಕಡೆ ಬೆಲೆ ಕೇಳಿ. ನನ್ನ ಮಾತು ಕೇಳುವುದಾದರೆ ಸುಡಲು ಕೊಡಲೇಬೇಡಿ. ಹುಳು, ರೈತ, ರೀಲರು, ನೇಕಾರ, ಇಷ್ಟು ಜನರ ದುಡಿಮೆ ಒಂದು ಚಮಚ ಬೆಳ್ಳಿಗೆ ಬೂದಿಯಾಗುವುದು ಸರಿಯಲ್ಲ.

ಮೈ ಹರಿದು ಅಂಚು ಗಟ್ಟಿಯಿದ್ದರೆ ಅಂಚು, ಸೆರಗನ್ನು ಬಿಡಿಸಿ ಸಾದಾ ಸೀರೆಗೆ ಕೂರಿಸಬಹುದು. ಅಂಚು ಹೋಗಿ ಮೈ ಗಟ್ಟಿಯಿದ್ದರೆ ಮಗುವಿಗೆ ಲಂಗ, ದೊಡ್ಡವರಿಗೆ ಕುರ್ತಾ. ಸೀರೆಯ ಉದ್ದ ಐದೂವರೆ ಮೀಟರ್. ಹೆಚ್ಚು ಸವೆಯದ ಜಾಗ ಸೆರಗಿನ ಕಡೆಯ ಎರಡು ಮೀಟರ್ ಮತ್ತು ಸೊಂಟದೊಳಗೆ ಸಿಕ್ಕಿಸುವ ಮೊದಲ ಸುತ್ತಿನ ಮೇಲ್ಭಾಗ. ಅಲ್ಲಿಂದಲೇ ತುಂಡು ತೆಗೆಯಿರಿ. ಒಳಗೆ ಹತ್ತಿಯ ಲೈನಿಂಗ್ ಕಡ್ಡಾಯ. ಲೈನಿಂಗನ್ನು ಮೊದಲೇ ನೀರಿಗೆ ಹಾಕಿ ಒಣಗಿಸದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಮೇಲಿನ ರೇಷ್ಮೆ ಸುಕ್ಕು ಬೀಳುತ್ತದೆ. ಮಿಷನ್ನಿಗೆ 11ನೇ ನಂಬರಿನ ತೆಳು ಸೂಜಿ ಹಾಕಿ, ಹೊಲಿಗೆ ತೀರಾ ಒತ್ತಾಗದಿರಲಿ. ಒತ್ತು ಹೊಲಿಗೆ ಹಳೆ ರೇಷ್ಮೆಯನ್ನು ಗೆರೆ ಎಳೆದಂತೆ ಹರಿಯುತ್ತದೆ. ಕುರ್ತಾಕ್ಕೆ ಚನ್ನಪಟ್ಟಣದ ಕಡೆದ ಮರದ, ಅರಗಿನ ಬಣ್ಣದ ಗುಂಡಿ ಹಾಕಿಸಿ ನೋಡಿ, ಚಂದ ಬೇರೆಯೇ. ಇನ್ನೂ ಉಳಿದ ತುಂಡಿನಲ್ಲಿ ತಾಂಬೂಲದ ಚೀಲ ಹೊಲಿಯಬಹುದು. ಮದುವೆ, ಗೃಹಪ್ರವೇಶಗಳಲ್ಲಿ ಅಜ್ಜಿಯ ಸೀರೆಯ ಚೀಲದಲ್ಲಿ ತೆಂಗಿನಕಾಯಿ ಕೊಡುವುದು ಪ್ಲಾಸ್ಟಿಕ್ ಕವರಿಗಿಂತ ಮರ್ಯಾದೆಯ ಸಂಗತಿ. ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾಗಿದ್ದು 2016ರ ಮಾರ್ಚಿನಲ್ಲಿ; ಇಷ್ಟು ವರ್ಷವಾದರೂ ನಾವು ಬಿಟ್ಟಿಲ್ಲ.

ಮೆತ್ತನೆಯ ಹತ್ತಿ, ಹಟಮಾರಿ ಪಾಲಿಯೆಸ್ಟರ್

ಹಳೆ ಹತ್ತಿ ಬಟ್ಟೆಗೆ ಇರುವ ಗುಣ ಹೊಸದಕ್ಕಿಲ್ಲ. ನೂರಾರು ಒಗೆತ ಕಂಡ ಸೀರೆ, ಪಂಚೆ ನೀರು ಹೀರುತ್ತದೆ, ಚರ್ಮಕ್ಕೆ ಚುಚ್ಚುವುದಿಲ್ಲ. ಬಾಣಂತಿ ಕೋಣೆಗೆ, ತೊಟ್ಟಿಲಿಗೆ ಹಿರಿಯರು ಅದನ್ನೇ ಕೇಳುತ್ತಿದ್ದುದು ಇದಕ್ಕೇ. ಮುಟ್ಟಿನ ಬಟ್ಟೆಯಾಗಿಯೂ ಅದು ಒಳ್ಳೆಯದು, ಸೋಪಿನಲ್ಲಿ ಒಗೆದು ನಾಚಿಕೆಯಿಲ್ಲದೆ ಬಿಸಿಲಿಗೆ ಹರವಿ ಪೂರ್ತಿ ಒಣಗಿಸುವುದಾದರೆ. ಕತ್ತಲ ಮೂಲೆಯಲ್ಲಿ ಅರೆಬರೆ ಒಣಗಿದ ಬಟ್ಟೆ ಸೋಂಕಿಗೆ ದಾರಿ. 1999ರಲ್ಲಿ ಅಂಶು ಗುಪ್ತಾ ಆರಂಭಿಸಿದ ಗೂಂಜ್ ಸಂಸ್ಥೆ ಹಳೆ ಹತ್ತಿ ಬಟ್ಟೆಯಿಂದಲೇ ಇಂಥ ಪ್ಯಾಡುಗಳನ್ನು ಮಾಡಿ ಹಳ್ಳಿಗಳಿಗೆ ತಲುಪಿಸುತ್ತ ಬಂದಿದೆ. ಅದಕ್ಕೆ ಬೆಂಗಳೂರಿನಲ್ಲಿಯೂ ಕಚೇರಿಯಿದೆ.

ಹತ್ತಿಯ ರಾಶಿಯೇ ಇದ್ದರೆ ಕೌದಿ ಹೊಲಿಯಿರಿ. ಉತ್ತರ ಕರ್ನಾಟಕದಲ್ಲಿ ಇಂದಿಗೂ ಕೌದಿ ಹೊಲಿಯುವ ಹೆಣ್ಣುಮಕ್ಕಳು ಊರೂರು ತಿರುಗುತ್ತಾರೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಮಹಿಳೆಯರ ಕವಂದಿ ಎಂಬ ಕೌದಿಗಳು ಹೊರದೇಶದ ಪ್ರದರ್ಶನಗಳವರೆಗೆ ಹೋಗಿವೆ. ಮಾಡುವ ಬಗೆ ಹೀಗೆ. ಬಣ್ಣ ಬಿಡುವ ಬಟ್ಟೆಯನ್ನು ಮೊದಲೇ ಪತ್ತೆ ಮಾಡಬೇಕು. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದರೆ ಗೊತ್ತಾಗುತ್ತದೆ. ಗಟ್ಟಿಯಾದ ಒಂದು ಸೀರೆಯನ್ನು ಐದು ಅಡಿಗೆ ಏಳು ಅಡಿ ಅಳತೆಗೆ ಕತ್ತರಿಸಿ ಕೂಡಿಸಿ, ತಳಕ್ಕೆ ಹಾಸಿ. ಅದರ ಮೇಲೆ ಎರಡು ಮೂರು ಪದರ ಸವೆದ ಪಂಚೆ, ಲುಂಗಿ, ಬೆಡ್‌ಶೀಟು. ಎಲ್ಲಕ್ಕೂ ಮೇಲೆ ಬಣ್ಣಬಣ್ಣದ ತುಂಡುಗಳು, ಅಂಚು ಒಳಗೆ ಮಡಿಚಿ. ಸುಕ್ಕು ತೆಗೆದು ಉದ್ದಕ್ಕೂ ಅಡ್ಡಕ್ಕೂ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿಸಿ. ಆಮೇಲೆ ದಪ್ಪ ಹತ್ತಿ ದಾರದಲ್ಲಿ ಹೊರ ಅಂಚಿನಿಂದ ಆರಂಭಿಸಿ, ಬೆರಳಗಲ ಬಿಟ್ಟು ಬಿಟ್ಟು, ಸುತ್ತು ಹೊಡೆಯುತ್ತ ನಡುವಿಗೆ ಬನ್ನಿ. ಮಧ್ಯದಿಂದ ಹೊರಟರೂ ಆಗುತ್ತದೆ, ಆದರೆ ಕೈ ಪಳಗದವರಿಗೆ ಅಂಚು ಓರೆಯಾಗುತ್ತದೆ. ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ ಹೂವಿನಂತೆ ಕೂರಿಸಿದರೆ ಅಂದವೂ ಆಯಿತು, ಬೇಗ ಸವೆಯುವ ಮೂಲೆಗೆ ಬಲವೂ ಬಂತು. ಒಬ್ಬರೇ ಕೂತರೆ ವಾರಗಟ್ಟಲೆ ಹಿಡಿಯುವ ಕೆಲಸ. ನಾಲ್ಕು ಜನ ನಾಲ್ಕು ಕಡೆ ಕೂತರೆ ಮಾತಾಡುತ್ತಲೇ ಮುಗಿಯುತ್ತದೆ. ಸ್ತ್ರೀಶಕ್ತಿ, ಸಂಜೀವಿನಿ ಸಂಘಗಳವರು ಇದನ್ನು ಮಾರಾಟಕ್ಕೂ ಮಾಡಬಹುದು, ಆದರೆ ಕೈಹೊಲಿಗೆಯ ಗಂಟೆಗಳನ್ನು ಲೆಕ್ಕ ಹಾಕಿ ಬೆಲೆ ಇಡಬೇಕು. ಕಂಬಳಿ ಬೆಲೆಗೆ ಕೌದಿ ಕೇಳುವವರಿಗೆ ಇಲ್ಲ ಎನ್ನುವ ಧೈರ್ಯ ಇರಲಿ.

ಜೀನ್ಸಿಗೆ ಸಂತೆ ಚೀಲವೇ ಸರಿಯಾದ ಗತಿ. ಕಾಲುಗಳಿಂದ ಚೀಲದ ಮೈ, ಸೊಂಟದ ಪಟ್ಟಿಯಿಂದ ಹಿಡಿ. ಜೇಬನ್ನು ಕೀಳದೆ ಹಾಗೇ ಉಳಿಸಿ. 16 ಅಥವಾ 18ನೇ ನಂಬರಿನ ಸೂಜಿ ಇಲ್ಲದೆ ಹೊಲಿಯಲು ಹೋದರೆ ಸೂಜಿ ಮುರಿಯುತ್ತದೆ.

ಪಾಲಿಯೆಸ್ಟರ್ ಸೀರೆಯದೇ ಕಷ್ಟ. ಕೌದಿಗೆ ಒಗ್ಗದು, ನೆಲ ಒರೆಸಲೂ ಆಗದು. ನಮ್ಮ ರೈತರು ಅದಕ್ಕೊಂದು ಉಪಯೋಗ ಕಂಡುಕೊಂಡಿದ್ದಾರೆ: ಕಾಡುಹಂದಿ, ನವಿಲು ಬರದಂತೆ ಹೊಲದ ಸುತ್ತ ಕಟ್ಟುವುದು, ಸಸಿಮಡಿಗೆ ನೆರಳು ಮಾಡುವುದು, ಟೊಮೆಟೊ ಗಿಡ ಕಟ್ಟಲು ದಾರದಂತೆ ಸೀಳುವುದು. ಜಾಣತನದ ಬಳಕೆಯೇ. ಬಿಸಿಲಿಗೆ ಮಾತ್ರ ಅದು ಒಂದೆರಡು ವರ್ಷದಲ್ಲಿ ಚೂರುಚೂರಾಗಿ ಮಣ್ಣಿಗೆ ಸೇರುತ್ತದೆ, ಅಲ್ಲಿ ಕೊಳೆಯುವುದಿಲ್ಲ. ಬೆಳೆ ಕೊಯ್ದ ಮೇಲೆ ಬಿಚ್ಚಿಟ್ಟುಕೊಳ್ಳಿ. ಯಾವ ಕಾರಣಕ್ಕೂ ಸುಡಬೇಡಿ, ಆ ಹೊಗೆ ವಿಷ.

ಕೊಡುವುದಾದರೆ

ಕೊಡುವ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಗುಂಡಿ ಹಾಕಿದ್ದಿರಲಿ. ನೆರೆ ಬಂದಾಗಲೆಲ್ಲ ಪರಿಹಾರ ಕೇಂದ್ರಗಳಿಗೆ ಹರಿದ, ಕಲೆಯಾದ ಬಟ್ಟೆ ಲಾರಿಗಟ್ಟಲೆ ಹೋಗಿ, ಯಾರಿಗೂ ಬೇಡವಾಗಿ ಕೊಳೆಯುತ್ತದೆ. ನೀವು ನಿಮ್ಮ ತಂಗಿಗೆ ಕೊಡಲು ಹಿಂಜರಿಯುವ ಬಟ್ಟೆಯನ್ನು ಬಡವರಿಗೂ ಕೊಡಬೇಡಿ. ಶಾಲಾ ಸಮವಸ್ತ್ರ, ಸ್ವೆಟರ್, ಮಕ್ಕಳ ಜರಿ ಲಂಗಗಳನ್ನು ನೆಂಟರಿಷ್ಟರಲ್ಲೇ ಕೈ ಬದಲಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ಅಕ್ಕನ ಮಗಳದು ತಂಗಿ ಮಗಳಿಗೆ ಎಂಬುದರಲ್ಲಿ ಯಾರಿಗೂ ಕೀಳರಿಮೆ ಬೇಡ.

2023ರ ಮೇ ತಿಂಗಳಲ್ಲಿ ಸ್ವಚ್ಛ ಭಾರತ ಅಭಿಯಾನದಡಿ ನಗರಸಭೆ, ಪುರಸಭೆಗಳು ಹಳೆ ಬಟ್ಟೆ, ಪುಸ್ತಕ, ಆಟಿಕೆ ಪಡೆಯುವ ಆರ್‌ಆರ್‌ಆರ್ ಕೇಂದ್ರಗಳನ್ನು ತೆರೆದಿದ್ದವು. ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿ. ನಡೆಯುತ್ತಿದ್ದರೆ ಬಳಸಿ, ಮುಚ್ಚಿದ್ದರೆ ತೆರೆಸಿ. ಹಳ್ಳಿಗಳಲ್ಲಿ ಪಂಚಾಯಿತಿಯ ಸ್ವಚ್ಛವಾಹಿನಿ ಗಾಡಿಗೆ ಹಾಕುವ ಬಟ್ಟೆ ಒಣಗಿರಬೇಕು, ಅಡುಗೆಮನೆ ಕಸಕ್ಕೆ ತಾಗಿರಬಾರದು. ಒದ್ದೆಯಾದ ಬಟ್ಟೆಯನ್ನು ಯಾವ ಮರುಬಳಕೆದಾರನೂ ತೆಗೆದುಕೊಳ್ಳುವುದಿಲ್ಲ. ಇಲ್ಲಿಂದ ಹೋದ ಉಣ್ಣೆ, ಅಕ್ರಿಲಿಕ್ ಬಟ್ಟೆಯ ಕೊನೆಯ ನಿಲ್ದಾಣ ಹೆಚ್ಚಾಗಿ ಹರಿಯಾಣದ ಪಾಣಿಪತ್. ಅಲ್ಲಿ ಬಟ್ಟೆಗಳನ್ನು ಬಣ್ಣದ ಪ್ರಕಾರ ವಿಂಗಡಿಸಿ, ಹಿಂಜಿ, ಮತ್ತೆ ನೂತು ಕಂಬಳಿ ಮಾಡುತ್ತಾರೆ. ಕೆಂಪು ಸ್ವೆಟರಿನಿಂದ ಕೆಂಪು ನೂಲೇ ಬರುವುದರಿಂದ ಹೊಸ ಬಣ್ಣದ ಖರ್ಚೂ ಉಳಿಯುತ್ತದೆ. ಆದರೆ ಹಿಂಜಿದಾಗ ನಾರು ಗಿಡ್ಡವಾಗುತ್ತದೆ, ಮೊದಲಿನ ಗಟ್ಟಿತನ ಬರುವುದಿಲ್ಲ. ಮರುಸಂಸ್ಕರಣೆಯನ್ನು ಕೊನೆಗೆ ಇಟ್ಟಿದ್ದು ಇದಕ್ಕೇ.

ಆಲ್ಟರೇಷನ್ ಕೆಲಸವನ್ನು ಹಬ್ಬ, ಮದುವೆಗಳ ಗಡಿಬಿಡಿಯಲ್ಲಿ ಒಯ್ದರೆ ಯಾವ ಟೈಲರೂ ಮುಟ್ಟುವುದಿಲ್ಲ. ಆಷಾಢದಲ್ಲಿ ಲಗ್ನಗಳಿಲ್ಲ, ಅವರ ಕೈ ಖಾಲಿಯಿರುತ್ತದೆ, ಪಿತೃಪಕ್ಷವೂ ಹಾಗೆಯೇ. ಬಟ್ಟೆ ಅಂಗಡಿಗಳ ಆಷಾಢ ಡಿಸ್ಕೌಂಟ್ ಬೋರ್ಡು ಏಳುವುದೂ ಅದೇ ತಿಂಗಳು. ಈ ಸಲ ಆ ಬೋರ್ಡಿನ ಕಡೆ ಹೋಗುವ ಮೊದಲು ರಿಪೇರಿ ಆಗುವ ಹತ್ತು ಬಟ್ಟೆಯ ಗಂಟನ್ನು ನಿಮ್ಮ ಬೀದಿಯ ಟೈಲರಣ್ಣನಿಗೋ ಟೈಲರಕ್ಕನಿಗೋ ಕೊಟ್ಟು ಬನ್ನಿ, ಕೇಳಿದ ಕೂಲಿಗೆ ಚೌಕಾಸಿ ಮಾಡಬೇಡಿ.